ಬಂಗಾರದ ಪೊರೆ

“ಬಾಯ್ ತೆಗಿಯೇ, ಕಳ್ ಮುಂಡೆ! ನಾಲ್ಗೆ ಎತ್ತು. ದವಡೆಯಾಗೆ ಎಂತ ಇಟ್ಕಂಡಿದೀಯ?”

ಯಜಮಾನ ಗಣೇಶಮೂರ್ತಿ ಮೊಬೈಲಿನ ಟಾರ್ಚನ್ನು ಹಾಲಮ್ಮನ ಬಾಯೊಳಗೆ ಬಿಟ್ಟ. ಸಿಕ್ಕಿದ್ದು ಎಲೆಯಡಿಕೆಯ ಚರಟ ಮಾತ್ರ. ತುರುಬು ಬಿಚ್ಚಿಸಿದ, ಸೆರಗು ಕೊಡವಿಸಿದ. ಅಷ್ಟನ್ನೂ ದೂರ ನಿಂತೇ ಮಾಡಿಸಿದ. ಅವಳನ್ನು ಮುಟ್ಟಿದರೆ ಮನೆಗೆ ಹೋಗಿ ಸ್ನಾನ ಮಾಡಬೇಕಲ್ಲ, ಪಾಪ.

ಸಾಗರ ಪೇಟೆಯ ಅಂಚಿನಲ್ಲಿ ಮುಚ್ಚಿಹೋದ ಸಾಮಿಲ್ಲೊಂದರ ತಗಡಿನ ಶೆಡ್ಡು ಅದು. ಹೊರಗೆ ಗುಜರಿ ಅಂಗಡಿಯ ಬೋರ್ಡು, ಒಳಗೆ ಕೆಟ್ಟ ಕಂಪ್ಯೂಟರು, ಮೊಬೈಲುಗಳ ರಾಶಿ. ಅವುಗಳೊಳಗಿನ ಹಸಿರು ಹಲಗೆಯ ಅಂಚಿಗೆ ತೆಳ್ಳಗೆ ಬಂಗಾರ ಬಳಿದಿರುತ್ತದೆ. ಹೆಂಗಸರು ಆ ಅಂಚು ಕತ್ತರಿಸಿ ಕೊಡಬೇಕು, ಆಳು ಭೂತಪ್ಪ ಅದನ್ನು ಆಸಿಡ್ಡಿನಲ್ಲಿ ಕಾಯಿಸಬೇಕು. ಆಸಿಡ್ಡು ತಾಮ್ರವನ್ನೆಲ್ಲ ತಿಂದು ಬಂಗಾರವನ್ನು ಬಿಡುತ್ತದೆ. ಉಳಿದ ಬಂಗಾರ ಹಾವಿನ ಪೊರೆಯ ಹಾಗೆ ತೇಲುತ್ತದೆ, ಶೆಡ್ಡಿನವರು ಅದಕ್ಕೆ ಪೊರೆ ಅಂತಲೇ ಕರೆಯುತ್ತಾರೆ. ಆ ಹೊಗೆ ಕುಡಿದು ಕುಡಿದು ಭೂತಪ್ಪ ಕೆಮ್ಮದೆ ಒಂದು ಮಾತು ಮುಗಿಸಲಾರ.

ಯಾರಾದರೂ ಪರಿಚಯದವರು ಬಂದರೆ ಗಣೇಶಮೂರ್ತಿಗೆ ಭಾಷಣದ ಹುಕಿ. “ಬಂಗಾರ ತುಕ್ಕು ಹಿಡಿಯಲ್ಲ, ಕರೆಂಟು ಸರಾಗ ಹರೀತದೆ. ಅದಕ್ಕೇ ಮೊಬೈಲಿಗೆ ಹಾಕ್ತಾರೆ. ಮೇಲೆ ಬಿಡ್ತಾರಲ್ಲ ಸ್ಯಾಟಲೈಟು, ಅದ್ರ ಮಿಷನ್ನಿಗೂ ಬಂಗಾರದ ಹೊದಿಕೆ, ಬಿಸಿಲಿನ ಕಾವು ತಾಗಬಾರ್ದು ಅಂತ!” ಭೂತಪ್ಪ ಒಂದು ಜೊತೆ ರಬ್ಬರ್ ಗ್ಲೌಸು ಕೇಳಿದಾಗ ಮಾತ್ರ, “ನೀನೆಂತ ಡಾಕ್ಟ್ರಾ?” ಅಂದಿದ್ದ.

ಈವತ್ತು ಪೊರೆ ಕಮ್ಮಿ ಬಿದ್ದಿತ್ತು. ಯಾರೋ ಕದ್ದಿದ್ದಾರೆ ಅಂತ ಗಣೇಶಮೂರ್ತಿ ಹಟ ಹಿಡಿದಿದ್ದ. ಹಾಲಮ್ಮನ ಬಾಯಲ್ಲಿ ಏನೂ ಸಿಗದೆ ಅವನ ಕಣ್ಣು ಅವಳ ಕುತ್ತಿಗೆಗೆ ಇಳಿಯಿತು. ನೆಂಟರ ಮದುವೆ ಅಂತ ನಿನ್ನೆ ಅವಳು ತಾಳಿಯ ಗುಂಡನ್ನು ಅಂಟುವಾಳದ ನೊರೆಯಲ್ಲಿ ತಿಕ್ಕಿ ಬೆಳಗಿದ್ದಳು. ಅದೇ ಮುಳುವಾಯಿತು.

“ಅದೆಂತದು ಹೊಳೀತಿರದು?”

“ತಾಳಿ, ಒಡೇರೆ.”

“ತಾಳಿಯಂತೆ ತಾಳಿ! ತಾಮ್ರದ ಗುಂಡಿಗೆ ನನ್ ಪೊರೆ ಮೆತ್ಕಂಡು ಹೊರ್ಗೆ ಸಾಗ್ಸ್ತಿದೀಯ. ನಿನ್ ಮೂತಿಗೆ ಬಂಗಾರ ಬೇರೆ ಕೇಡು!”

ಹಾಲಮ್ಮನ ಮೈ ಉರಿದುಹೋಯಿತು. ಗಂಡ ಜಟ್ಟಿಂಗಪ್ಪ ಕಾಡಿನ ಕೂಪಿನಲ್ಲಿ ಮರದ ನಾಟಾ ಹೊತ್ತು ಹೊತ್ತು ಮಾಡಿಸಿದ ಗುಂಡು ಅದು. ಮಗಳು ಸ್ವಾತಿಗೆ ಕೊಡಲು ಅಂತ ಅವಳ ಹತ್ತಿರ ಇದ್ದದ್ದು ಅದೊಂದೇ.

“ಸಿಗಂದೂರಮ್ಮನಾಣೆ, ಇದು ಗಟ್ಟಿ ಬಂಗಾರ. ಆಸಿಡ್ಡಿಗೆ ಹಾಕ್ ನೋಡಿ. ಬಂಗಾರಾದ್ರೆ ಹಂಗೇ ಇರ್ತದೆ. ಹಂಗೇ ಇದ್ರೆ, ಕಳ್ಳಿ ಅಂದ ಬಾಯಲ್ಲೇ ತಪ್ಪಾತು ಅನ್ಬೇಕು ನೀವು!”

“ಬ್ಯಾಡ ಅತ್ಗೆ...” ಭೂತಪ್ಪನಿಗೆ ಕೆಮ್ಮು ಒತ್ತಿ ಬಂತು.

ಅವಳು ಆಗಲೇ ದಾರ ಹರಿದಿದ್ದಳು. ಗಣೇಶಮೂರ್ತಿ ಗುಂಡನ್ನು ಇಕ್ಕಳದಲ್ಲಿ ಹಿಡಿದು, ಪೊರೆಗಳು ತೇಲುತ್ತಿದ್ದ ಬೋಗುಣಿಗೇ ಹಾಕಿದ.

ಸ್ವಲ್ಪ ಹೊತ್ತು ಗುಂಡು ತಳದಲ್ಲಿ ಹಾಗೇ ಇತ್ತು. ಹಾಲಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. ಆಮೇಲೆ ದಾರ ಪೋಣಿಸುವ ತೂತಿನಿಂದ ಗುಳ್ಳೆ ಎದ್ದವು, ಕಂದು ಹೊಗೆ ಎದ್ದಿತು. ಹೊಟ್ಟೆಯೊಳಗಿನ ತಾಮ್ರವೆಲ್ಲ ಕರಗಿ, ಗುಂಡಿನ ಸುಕ್ಕುಗಟ್ಟಿದ ಹಳದಿ ಸಿಪ್ಪೆಯೊಂದು ಮೇಲೆ ಬಂದು ಉಳಿದ ಪೊರೆಗಳ ಜೊತೆ ಸೇರಿಕೊಂಡಿತು.

ಸ್ವಾತಿಗೆ ಕಾಯಿಲೆಯಾದ ವರ್ಷ ಆ ಗುಂಡು ಪೇಟೆಗೆ ಹೋಗಿತ್ತು. ಮಗು ಹುಷಾರಾದ ಮೇಲೆ, ಅಡವಿಟ್ಟದ್ದನ್ನು ಬಿಡಿಸಿಕೊಂಡು ಬಂದೆ ಅಂತ ಜಟ್ಟಿಂಗಪ್ಪ ತಂದುಕೊಟ್ಟಿದ್ದ. ಕೊಡುವಾಗ ಅವನು ಅವಳ ಮುಖ ನೋಡಿರಲಿಲ್ಲ. ಅಸಲಿ ಗುಂಡನ್ನು ಅವನು ಆಗಲೇ ಮಾರಿದ್ದ ಅಂತ ಹಾಲಮ್ಮನಿಗೆ ಈಗ ಹೊಳೆಯಿತು. ಅವನನ್ನು ಬೈಯಲೂ ಅವಳಿಗೆ ಮನಸ್ಸು ಬರಲಿಲ್ಲ.

“ಕಂಡ್ಯನಾ ಭೂತಪ್ಪ? ಕಳ್ಳಿ ತಾನೇ ಒಪ್ಕಂಡ್ಲು!” ಗಣೇಶಮೂರ್ತಿ ಗಹಗಹಿಸಿದ. “ನಾಳೆಯಿಂದ ಈ ಕಡೆ ತಲೆ ಹಾಕಿದ್ರೆ ಪೊಲೀಸಿಗೆ ಕೊಡ್ತೀನಿ.”

“ಆ ಸಿಪ್ಪೆ ಕೊಟ್ಬಿಡಿ ಒಡೇರೆ. ಅದು ನಂದು.”

“ನಿಂದಾ? ಆ ಬೋಗುಣಿಯಾಗೆ ತೇಲೋದೆಲ್ಲ ನಂದು. ನಡಿ ಆಚೆ, ಹಲ್ಕಟ್!”

ಹಾಲಮ್ಮ ಆಚೆ ನಡೆಯಲಿಲ್ಲ. ಸೀದಾ ಬಂದು ಬೋಗುಣಿಗೆ ಬರಿಗೈ ಹಾಕಿದಳು. ಶೆಡ್ಡು ಬಿರಿಯುವ ಹಾಗೆ ಕಿರುಚಿದಳು, ಆದರೂ ಕೈ ತೆಗೆಯಲಿಲ್ಲ. ತೇಲುತ್ತಿದ್ದದ್ದನ್ನೆಲ್ಲ ಬಾಚಿ, ಮುಷ್ಟಿ ಕಟ್ಟಿಕೊಂಡೇ ಎತ್ತಿದಳು. ಮಣಿಕಟ್ಟಿನವರೆಗೆ ಚರ್ಮ ಹಳದಿಯಾಗುತ್ತಿತ್ತು.

“ಹಿಡ್ಕಳ್ರೋ! ಕೈ ಬಿಚ್ಚಿಸ್ರೋ!”

ಅಂಚು ಕತ್ತರಿಸುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಕದಲಲಿಲ್ಲ. ತೊಟ್ಟಿಕ್ಕುವ ಮುಷ್ಟಿಯನ್ನು ಮುಂದೆ ಚಾಚಿ ಅವಳು ಅವನ ಮೇಲೇ ನಡೆದಳು.

“ಬಾರೋ ಬೋಳಿಮಗ್ನೆ! ಮುಟ್ಟು ಬಾ! ನೀನೇ ಬಿಚ್ಚು ಬಾ!”

ಗಣೇಶಮೂರ್ತಿ ಹಿಂದೆ ಸರಿದು ಸರಿದು ಕಂಪ್ಯೂಟರುಗಳ ರಾಶಿಯ ಮೇಲೆ ಕುಸಿದ. ಅವಳು ಅವನನ್ನು ದಾಟಿ ರಸ್ತೆಗೆ ಇಳಿದಳು. ಭೂತಪ್ಪ ನೀರಿನ ಕೊಡ ಹೊತ್ತು ಕೆಮ್ಮುತ್ತ ಹಿಂದೆಯೇ ಓಡಿದ.

“ಕೈ ಬಿಚ್ಚು ಅತ್ಗೆ, ನೀರ್ ಹುಯ್ತೀನಿ. ಮೂಳೆಗಂಟ ತಿಂತದೆ ಅದು, ಬಿಚ್ಚು ಮಾರಾಯ್ತಿ!”

ಹಾಲಮ್ಮ ನೀರನ್ನು ನೋಡಿದಳು, ಮುಷ್ಟಿಯನ್ನು ನೋಡಿದಳು. ಬಿಚ್ಚಿದರೆ ನೀರಿನ ಜೊತೆ ಪೊರೆಯೂ ಹರಿದು ಹೋಗುತ್ತದೆ. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.