ಅಕ್ಕನ ಅಳತೆಗಳೂ ನನ್ನ ಬೀರುವಿನ ಸರ್ವರ್ರೂ

ನಾನು ಕಟ್ಟಿದಂಥ ಸರ್ವರ್ ಈ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಮೂರು ಸತ್ತ ಕಂಪ್ಯೂಟರುಗಳ ಕರುಳು ಕಿತ್ತು ಬೀರುವಿನೊಳಗೆ ಜೋಡಿಸಿದ್ದೆ. ಅದರ ಫ್ಯಾನು ತಿರುಗಿದರೆ ಎದುರುಮನೆಯ ಪರದೆ ಹಾರಾಡುತ್ತಿತ್ತು. ಅಂಥದ್ದನ್ನು ಭಾವ ಒಂದು ಅಂಗಿಗೋಸ್ಕರ ಕೊಂದುಬಿಟ್ಟರು!

ಅಕ್ಕ ಬಟ್ಟೆ ಹೊಲಿಯುತ್ತಾಳೆ. ಹತ್ತೊಂಬತ್ತು ವರ್ಷ ಗಿರಾಕಿಗಳ ಅಳತೆಯನ್ನೆಲ್ಲ ಪುಸ್ತಕಗಳಲ್ಲಿ ಬರೆದಿಟ್ಟಿದ್ದಳು. ಅವನ್ನು ಸರ್ವರಿಗೆ ತುಂಬಿಸಿದವನು ನಾನು. "ಎರಡು ಡಿಸ್ಕಲ್ಲಿದೆ ಕಣೇ. ಒಂದು ಸತ್ರೆ ಇನ್ನೊಂದು. ಪ್ರಳಯ ಆದ್ರೂ ನಿನ್ನ ಗಿರಾಕಿಗಳ ಸೊಂಟ ಉಳಿಯುತ್ತೆ" ಎಂದು ಪುಸ್ತಕಗಳನ್ನು ರದ್ದಿಗೆ ಹಾಕಿಸಿದವನೂ ನಾನೇ.

ಬೆಳಿಗ್ಗೆ ಭಾವ ಸರ್ವರಿನ ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆಯದನ್ನು ಚುಚ್ಚಿದ್ದರು. ಮತ್ತೆ ಹಾಕಿದರೆ ಡಿಸ್ಕು ಟಕ್ ಟಕ್ ಎಂದಿತು, ನಿಂತೇ ಹೋಯಿತು.

"ಒಂದು ಅಂಗಿ! ಒಂದೇ ಒಂದು ಅಂಗಿಗೆ!" ನನ್ನ ಕಿರುಚಾಟಕ್ಕೆ ಗೋಡೆಯ ಸುಣ್ಣ ಉದುರಿತು.

"ಎರಡು ಡಿಸ್ಕು ಅಂದಿದ್ಯಲ್ಲೋ ಮಹಾರಾಯ, ಇನ್ನೊಂದೆಲ್ಲಿ?" ಎಂದರು ಭಾವ.

"ಅದನ್ನೂ ನೀವೇ ಕೊಂದಿರ್ತೀರಿ!"

"ಹೌದಪ್ಪ, ಅಂಗಿಗೆ ಎರಡು ತೋಳಲ್ವಾ, ತೋಳಿಗೊಂದು."

ಅಕ್ಕನ ಹಿಂದೆ ಬ್ಯಾಂಡ್ ವಾದ್ಯದವರ ನಲವತ್ತು ಕೋಟುಗಳ ಬಟ್ಟೆ ರಾಶಿ ಬಿದ್ದಿತ್ತು. ಶನಿವಾರ ಕೊಡಬೇಕು. ಆ ನಲವತ್ತು ಮೈಗಳ ಅಳತೆಯೂ ಸರ್ವರಿನೊಳಗೇ.

ಭಾವನ ಅಪರಾಧವನ್ನು ಸಾಕ್ಷಿಸಮೇತ ತೋರಿಸುವ ಹಟಕ್ಕೆ ಬಿದ್ದು ಮುಚ್ಚಳ ಬಿಚ್ಚಿದೆ. ಒಳಗೆ, ಡಿಸ್ಕು ಕೆಟ್ಟರೆ ಕೂಗಲೆಂದು ನಾನೇ ಬೆಸುಗೆ ಹಾಕಿದ್ದ ಬಜರ್. ಅದರ ಕೆಂಪು ತಂತಿಯನ್ನು ಯಾರೋ ಕತ್ತರಿಸಿದ್ದರು. ತುದಿಗೆ ಬಲು ಅಂದವಾಗಿ ಸುತ್ತಿದ ಕಪ್ಪು ಟೇಪು.

ಅಷ್ಟು ಅಂದವಾಗಿ ಟೇಪು ಸುತ್ತುವವನು ಮೂರು ಲೋಕದಲ್ಲಿ ಒಬ್ಬನೇ: ನಾನು. ನಾಲ್ಕು ತಿಂಗಳ ಹಿಂದೆ ಆ ಬಜರ್ ವಾರವಿಡೀ ಕೂಗಿತ್ತು. ನಾನು ಕಟ್ಟಿದ್ದರಲ್ಲಿ ಡಿಸ್ಕು ಕೆಡುವುದುಂಟೇ? ಬಜರೇ ಕೆಟ್ಟಿದೆಯೆಂದು ಕತ್ತರಿ ಹಾಕಿದ್ದೆ. ಮೊದಲನೆಯ ಡಿಸ್ಕು ಸತ್ತದ್ದು ಆಗಲೇ. ಭಾವ ಕಿತ್ತದ್ದು ಉಳಿದೊಂದರ ಪ್ಲಗ್ಗನ್ನು.

ಅಕ್ಕ ತಂತಿಯನ್ನೂ ನನ್ನ ಮುಖವನ್ನೂ ನೋಡಿದಳು. "ನನ್ನ ಬಟ್ಟೆ ಕತ್ರಿ ಮೊಂಡಾಗಿದ್ದು ಇದಕ್ಕಾ?"

ಭಾವನ ತಲೆಗೆ ಕಟ್ಟಲು ಬಾಯಿ ತೆರೆದೆ. ಕಿವಿಯ ಮೇಲೆ ನೀರಿಟ್ಟಿದ್ದರೆ ಕುದಿಯುತ್ತಿತ್ತು. "ಹೂಂ. ನಾನೇ."

ಹೊಸ ಪುಸ್ತಕವೊಂದು ಹಾರಿಬಂದು ಎದೆಗೆ ಬಡಿಯಿತು. "ಏಳು! ನಲವತ್ತು ಮನೆ. ನಾನು ಅಳೀತೀನಿ, ನೀನು ಬರಿ."

"ಫೋನಲ್ಲಿ ಬರ್ಕೊಂಡ್ರೆ ಬೇಗ..."

"ಫೋನ್ ಮುಟ್ಟಿದ್ರೆ ಆ ಮೊಂಡು ಕತ್ರೀಲೇ ನಿನ್ನ ಕೈ ಕತ್ತರಿಸ್ತೀನಿ!"

ಇಸ್ತ್ರಿಯಾದ ಅಂಗಿ ತೊಟ್ಟು ಭಾವ ಬಾಗಿಲು ತೆರೆದು ಹಿಡಿದರು. ಆ ಅಂಗಿ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊದಲ ಮನೆ ಡೋಲಿನವನದು. ಅವನ ಹೊಟ್ಟೆ ಸುತ್ತಿಬರಲು ಸೂರ್ಯನಿಗೂ ಅರ್ಧ ದಿನ ಬೇಕು. ಆದರೂ ಪುಸ್ತಕದಲ್ಲಿ ಅಕ್ಕ ಅಳೆದು ಹೇಳಿದ ನಲವತ್ನಾಲ್ಕು ಇಂಚನ್ನೇ ಬರೆದೆ. ಅಕ್ಕ ಪುಸ್ತಕವನ್ನು ಕಸಿದುಕೊಂಡು ಆ ಅಂಕಿಯನ್ನು ತಾನೇ ಓದಿ, ಅವನ ಹೊಟ್ಟೆಯನ್ನು ಇನ್ನೊಮ್ಮೆ ಅಳೆದಳು.