ಹಲಗೆ ಮುರಿದ ಸದ್ದು

"ನಿಮ್ಮ ಗಂಡನಲ್ಲಿ ಒಂದಾದರೂ ದೋಷ ಹೇಳ್ರಿ" ಎಂದು ಗೋವಿಂದರಾಜ ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಸತ್ತವರ ಮನೆಗೆ ಬಂದವರು ಗುಣ ಹೇಳಿ ಹೋಗುವುದನ್ನು ಕಂಡಿದ್ದೆ. ದೋಷ ಕೇಳಿಕೊಂಡು ಬಂದವನನ್ನು ಅದೇ ಮೊದಲು ನೋಡಿದ್ದು. ಮೊರ ಕೆಳಗಿಟ್ಟು ಅವನ ಮುಖ ನೋಡಿದೆ. ತಮಾಷೆಗೆ ಕೇಳಿರಲಿಲ್ಲ.

ಅವನು ಕೊಪ್ಪಳದವನು, ಕಿರುಚಿತ್ರಗಳಿಗೆ ಕಥೆ ಬರೆದು ತಾನೇ ತೆಗೆಯುತ್ತಿದ್ದ. ನನ್ನ ಗಂಡ ಗಾಳೇಶನ ಸಾವಿನ ಮೇಲೆ ಚಿತ್ರ ಮಾಡುತ್ತೇನೆ ಎಂದು, ಅವನು ಹೋದ ನಾಲ್ಕು ವರ್ಷಕ್ಕೆ, ಗಂಗಾವತಿಯ ನಮ್ಮ ಓಣಿ ಹುಡುಕಿಕೊಂಡು ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ ಎನ್ನುವುದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಕೆಟ್ಟವರನ್ನಾದರೆ ಬಾಗಿಲಲ್ಲೇ ಬೈದು ಕಳಿಸಬಹುದು. ಒಳ್ಳೆಯವರಿಗೆ ಚಹಾ ಮಾಡಬೇಕಾಗುತ್ತದೆ.

ಗಾಳೇಶ ರೈಸ್ ಮಿಲ್ಲಿನಲ್ಲಿ ಭತ್ತ ನೆನೆಸುವ ಬಿಸಿನೀರಿನ ತೊಟ್ಟಿಯ ಮೇಲೆ ಕೆಲಸಕ್ಕಿದ್ದ. ತೊಟ್ಟಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಿಂತು ಭತ್ತ ಎಳೆದು ಸಮ ಮಾಡುವುದು. ಹಲಗೆ ನೆನೆದು ಲಡ್ಡಾಗಿದೆ ಎಂದು ಹೇಳಿ ಹೇಳಿ ಬೇಸತ್ತಿದ್ದ. ೨೦೧೨ರ ಒಂದು ಮಧ್ಯಾಹ್ನ ಅದು ಮುರಿಯಿತು. ಎರಡು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದಿದ್ದು ಹೋದ.

ಕುಡಿದು ಹತ್ತಿದ್ದ, ಕಾಲು ಜಾರಿ ಬಿದ್ದ ಎಂದು ಮಿಲ್ಲಿನ ಮಾಲಕ ಹೇಳಿದ. ಮುರಿದ ಹಲಗೆ ಮರುದಿನವೇ ಒಲೆ ಸೇರಿತ್ತು. ಕೂಡ ಕೆಲಸ ಮಾಡುವವರೆಲ್ಲ ಆ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಹೋಗಿದ್ದರಂತೆ. ನಾಳೆಯೂ ಅದೇ ಮಿಲ್ಲಿಗೆ ಹೋಗಬೇಕಾದವರು ಇನ್ನೇನು ಹೇಳುತ್ತಾರೆ? ಕಂಡದ್ದನ್ನು ಕಂಡೆ ಎಂದವಳು ಹುಲಿಗವ್ವ ಒಬ್ಬಳೇ. ಅವಳು ಕಣದಲ್ಲಿ ಭತ್ತ ಹರವುವವಳು, ಓದು ಬಾರದವಳು. "ಹಲಗಿ ಲಟ್ ಅಂತು, ಹುಡುಗ ಒಳಗ ಹೋದ" ಎಂದು ಪೊಲೀಸರ ಮುಂದೆ ಹೇಳಿ, ಆ ಮಿಲ್ಲಿನ ಕೂಲಿಯನ್ನೂ ಬಿಟ್ಟಳು. ಅವಳ ಆ ಮಾತಿನ ಮೇಲೆಯೇ ಮಾಲಕನ ಮೇಲೆ ಕೇಸು ನಿಂತಿತ್ತು.

ಗಾಳೇಶ ಕುಡಿಯುತ್ತಿರಲಿಲ್ಲ. ಅವನು ಕುಡಿದು ಸಾಯಲಿಲ್ಲ ಎಂದು ಕೋರ್ಟು ಹೇಳಬೇಕು, ನನಗೆ ಬೇಕಾದ್ದು ಅಷ್ಟೇ. ಮಗಳು ಅನುಷಾ ಆಗ ತೊಟ್ಟಿಲಲ್ಲಿದ್ದಳು. ಅವಳ ಪಾಲಿಗೆ ಅಪ್ಪ ಎಂದರೆ ಮಂದಿ ಹೇಳಿದ ಮಾತು.

ಗೋವಿಂದರಾಜನಿಗೆ ದೋಷ ಹೇಳಿದೆ. ಇದ್ದದ್ದನ್ನೇ ಹೇಳಿದೆ. "ಸಿಟ್ಟು ಬಂದ್ರ ಮಾತಾಡ್ತಿದ್ದಿಲ್ಲ. ಗೋಡಿಗೆ ಮುಖ ಮಾಡಿ ಕುಂತು ಉಣ್ತಿದ್ದ."

"ಅಷ್ಟ ಏನ್ರಿ?" ಎಂದ. ಪಾಪ, ಅವನ ಮುಖ ಬಾಡಿತು.

ಆಮೇಲೆ ನನಗೆ ಪಾಠ ಮಾಡಿದ. ಪಾತ್ರಕ್ಕೊಂದು ಆಸೆ ಬೇಕಂತೆ, ಒಂದು ಭಯ ಬೇಕಂತೆ, ಒಂದು ದೋಷ ಬೇಕಂತೆ. ದೋಷವಿಲ್ಲದ ಮನುಷ್ಯನನ್ನು ನೋಡುವವರು ನಂಬುವುದಿಲ್ಲವಂತೆ. ಮುನಿಸು ಪರದೆಯ ಮೇಲೆ ಕಾಣುವುದಿಲ್ಲ, ಕುಡಿತ ಕಾಣುತ್ತದೆ. ಅವನ ಚಿತ್ರದ ಕೂಲಿ ಹಲಗೆಯ ಭಯಕ್ಕೆ ಒಂದು ಪಾಕೀಟು ಕುಡಿದು ಹತ್ತುತ್ತಾನೆ.

"ಆ ಮಾಲಕ ಹೇಳೋದೂ ಅದನ್ನಲ್ಲೇನಪಾ?" ಎಂದೆ.

"ಅದಕ್ಕ ರೀ ಯಕ್ಕಾ. ಅವರ ಮಾತ ಹಿಡಕೊಂಡು ಅವರಿಗೆ ಹೊಡಿಯೂದು. ಕುಡದಿದ್ರೂ ಹಲಗಿ ಯಾಕ ಮುರೀಬೇಕು? ಮತ್ತ ಇಂವ ಗಾಳೇಶ ಅಲ್ರಿ. ಪಾತ್ರ. ಹೆಸರು ಬ್ಯಾರೆ."

ಬ್ಯಾಡ ಎಂದೆ. ಕೈ ಮುಗಿದು ಬ್ಯಾಡ ಎಂದೆ. ಅವನೂ ಕೈ ಮುಗಿದ, ಚಹಾ ಕುಡಿದು ಹೋದ, ಚಿತ್ರ ಮಾಡಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಬರೀ ಕಳ್ಳರೇ ಇರಬೇಕೆಂದೇನಿಲ್ಲ.

ಅವನ ಜೊತೆಗೆ ಹುಲಿಹೈದರದ ದೇವೇಂದ್ರಪ್ಪ ಮಾಸ್ತರ ಇದ್ದರು. ಊರೂರಿಗೆ ನಾಟಕ ಕಲಿಸಿ ಮುಪ್ಪಾದವರು. ಆಸೆ, ಭಯ, ದೋಷ ಎಲ್ಲ ಅವರಿಗೆ ನಗೆಯ ಮಾತು. "ಪಾತ್ರ ಅಂದ್ರ ಅಂಗಿ ಇದ್ದಂಗಪಾ. ಮೊದಲ ಮೈ ನೋಡು, ಆಮ್ಯಾಲ ಹೊಲಿ" ಎನ್ನುತ್ತಿದ್ದರು. ಇಬ್ಬರೂ ದಿನವಿಡೀ ಜಗಳಾಡುತ್ತಿದ್ದರಂತೆ. ಕೊನೆಗೆ ರಾಜಿಯಾಯಿತು. ಗಾಳೇಶನನ್ನು ಗೋವಿಂದರಾಜ ತನ್ನ ಪದ್ಧತಿಯಂತೆ ಬರೆದ. ಬಿದ್ದದ್ದನ್ನು ಕಂಡ ಹೆಂಗಸಿನ ಪಾತ್ರವನ್ನು ಮಾಸ್ತರು ತಮ್ಮ ಪದ್ಧತಿಯಂತೆ ಹೊಲಿದರು. ಹುಲಿಗವ್ವನ ಪಾತ್ರಕ್ಕೆ ಹುಲಿಗವ್ವನನ್ನೇ ತಂದು ನಿಲ್ಲಿಸಿದರು.

ಅವಳಿಗೆ ಜನ್ಮದಲ್ಲಿ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಖುರ್ಚಿ ಹಾಕಿ ಕೂರಿಸುತ್ತಿದ್ದರು. ಓದು ಬಾರದ್ದರಿಂದ ಮಾಸ್ತರು ಬಾಯಿಂದ ಬಾಯಿಗೆ ಕಲಿಸಿದರು, ಬಯಲಾಟಕ್ಕೆ ಕಲಿಸಿದ ಹಾಗೆ, ತಿಂಗಳುಗಟ್ಟಲೆ ತಾಲೀಮು. ಕಸ ಗುಡಿಸುತ್ತಲೂ ಅದೇ ಮಾತು, ರೊಟ್ಟಿ ಬಡಿಯುತ್ತಲೂ ಅದೇ ಮಾತು: "ಏ ತಮ್ಮಾ, ಕುಡದು ಹಲಗಿ ಹತ್ತಬ್ಯಾಡೋ! ನಿನ್ನ ಕೂಸಿನ ಮುಖ ನೋಡೋ!"

"ಹುಲಿಗವ್ವಾ, ನೀ ಹಂಗ ಅಂದಿದ್ದಿಲ್ಲಲ್ಲ?" ಎಂದು ಕೇಳಿದೆ.

"ಇಲ್ಲ ಬಿಡವಾ. ಇದು ಸಿನಿಮಾದ ಮಾತು" ಎಂದು ನಕ್ಕಳು.

ಚಿತ್ರ ತೆಗೆಯುವಾಗ ನಾನೂ ಒಂದು ದಿನ ಹೋಗಿ ದೂರ ನಿಂತಿದ್ದೆ. ಮುಚ್ಚಿದ ಹಳೆ ಮಿಲ್ಲು, ಖಾಲಿ ತೊಟ್ಟಿ. ಹಲಗೆಯನ್ನು ನಿಜವಾಗಿ ಮುರಿದರೆ ಪಾತ್ರಧಾರಿ ಹಾಲೇಶನ ಕಾಲು ಮುರಿದೀತೆಂದು ಮುರಿಯಲಿಲ್ಲ. ಅವನು ಕಾಲು ಜಾರಿಸಿ ಕೆಳಗಿನ ಹಾಸಿಗೆಗೆ ಬಿದ್ದ. ಸರಿ ಬರಲಿಲ್ಲ ಎಂದು ಮತ್ತೆ ಜಾರಿಸಿದ, ಮತ್ತೆ. ಪ್ರತಿ ಸಲವೂ ಹುಲಿಗವ್ವ ಎದೆಗೆ ಸೆರಗು ಹಿಡಿದು ಕೂಗಿದಳು, ಅತ್ತಳು. ಮುರಿದ ಸದ್ದನ್ನು ಆಮೇಲೆ ಎಲ್ಲೋ ಒಂದು ಕೋಣೆಯಲ್ಲಿ ಕೂತು ಸೇರಿಸುತ್ತಾರಂತೆ. ನನಗೆ ನಿಲ್ಲಲಾಗದೆ ಮನೆಗೆ ಬಂದೆ.

ಚಿತ್ರ ಹೆಸರು ಮಾಡಿತು. ಎಲ್ಲಿ ತೋರಿಸಿದರೂ ಜನ ಅತ್ತರು, ಮಾಲಕನ ಜನ್ಮ ಜಾಲಾಡಿ ಬೈದರು. ಗೋವಿಂದರಾಜ ಹೇಳಿದ್ದು ಸುಳ್ಳಾಗಲಿಲ್ಲ. ಓಣಿಯ ಹುಡುಗರು ಹುಲಿಗವ್ವನನ್ನು ಕಂಡಲ್ಲಿ ನಿಲ್ಲಿಸಿ ಆ ಮಾತು ಹೇಳಿಸುತ್ತಿದ್ದರು. ಅವಳೂ ಸೆರಗು ಹಿಡಿದು ಹೇಳುತ್ತಿದ್ದಳು, ಅಳುವ ಜಾಗದಲ್ಲಿ ಅಳುತ್ತಿದ್ದಳು. ಹೀಗೆ ಎರಡು ವರ್ಷ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಆದರೂ ಸಾಕ್ಷಿಯ ದಿನ ನಾನು ತಲೆಗೆ ನೀರು ಹಾಕಿಕೊಂಡು, ಅನುಷಾಳನ್ನೂ ಕರೆದುಕೊಂಡು ಹೋದೆ. ಅಪ್ಪನ ಸತ್ಯ ಅವಳ ಕಿವಿಗೂ ಬೀಳಲಿ ಎಂದು. ಸರಕಾರಿ ವಕೀಲರು ಹುಲಿಗವ್ವನಿಗೆ ನಾಲ್ಕು ಮಾತು ಹೇಳಲು ಹೋದರೆ, "ನನಗೆಲ್ಲಾ ಬಾಯಿಪಾಠ ಐತ್ರಿ" ಎಂದಳು.

"ಆ ದಿನ ಏನು ನೋಡಿದಿ, ಹೇಳವಾ" ಎಂದು ಒಳಗೆ ಸರಕಾರಿ ವಕೀಲರು ಕೇಳಿದರು.

ಹುಲಿಗವ್ವ ಕಟಕಟೆಯಲ್ಲಿ ನೆಟ್ಟಗೆ ನಿಂತಳು. ಬಲಗೈಯಿಂದ ಸೆರಗನ್ನು ಎದೆಗೆ ಹಿಡಿದಳು. ಆ ಕೈ ನೋಡಿಯೇ ನನಗೆ ಗೊತ್ತಾಯಿತು.

"ಏ ತಮ್ಮಾ, ಕುಡದು ಹಲಗಿ ಹತ್ತಬ್ಯಾಡೋ ಅಂದ್ನಿರಿ. ನಿನ್ನ ಕೂಸಿನ ಮುಖ ನೋಡೋ ಅಂದ್ನಿ. ಕೇಳಲಿಲ್ರಿ. ಕಾಲು ಜಾರ್ತು, ಹೋದ."

ಅತ್ತಳು. ನಾಟಕದ ಅಳುವಲ್ಲ, ನಿಜವಾದ ಕಣ್ಣೀರು. ಸರಕಾರಿ ವಕೀಲರು ಹಲಗೆಯ ಮಾತಿಗೆ ಎಳೆಯಲು ನೋಡಿದರು. ಚಿತ್ರದಲ್ಲಿ ಅವಳಿಗೆ ಆ ಮಾತು ಕೊಟ್ಟಿರಲೇ ಇಲ್ಲ. ಮಾಲಕನ ವಕೀಲ ಹೆಚ್ಚು ಕೇಳಲಿಲ್ಲ. "ಇನ್ನೊಮ್ಮೆ ಹೇಳಮ್ಮಾ" ಎಂದ. ಅವಳು ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಛಲೋ ಹೇಳಿದಳು.

ಹೊರಗೆ ಬೇವಿನ ಗಿಡದ ಕೆಳಗೆ ಬಂದು ನನ್ನ ಕೈ ಹಿಡಿದಳು. "ತಪ್ಪದಂಗ ಹೇಳಿದ್ನಿಲ್ಲವಾ ಶಾಂಭವಿ?"

ನನಗೆ ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ನನ್ನ ಗಂಡನಿಗಾಗಿ ಕೂಲಿ ಬಿಟ್ಟವಳಿಗೆ ಹೇಗೆ ಹೊಡೆಯಲಿ? "ಹುಲಿಗವ್ವಾ, ಬಿದ್ದಂವ ಹೆಂಗಿದ್ದ?" ಎಂದು ಕೇಳಿದೆ.

"ಹೆಂಗಿದ್ದ ಅಂದ್ರ? ನೀನ ಕಟ್ಟಿಗೊಂಡಾಕಿ, ನನ್ನ ಕೇಳ್ತಿಯಲ್ಲ. ಎತ್ತರಕ, ಹುರಿ ಮೀಸಿ, ತಲಿಗೆ ಕೆಂಪು ವಸ್ತ್ರ."

ಅದು ಚಿತ್ರದ ಹಾಲೇಶ. ಗಾಳೇಶ ಗಿಡ್ಡ, ಮೀಸೆ ಬಿಟ್ಟವನೇ ಅಲ್ಲ. ಅವಳ ಕಣ್ಣಿನೊಳಗಿಂದ ನನ್ನ ಗಂಡ ಎದ್ದು ಹೋಗಿದ್ದ. ಅವನು ಅಲ್ಲಿ ಇದ್ದದ್ದೂ ಅವಳಿಗೆ ನೆನಪಿರಲಿಲ್ಲ.

ಮಾಲಕ ಬಿಡುಗಡೆಯಾದ. ಆ ಸುದ್ದಿ ತಿಳಿದ ದಿನ ಅನುಷಾ ಸಾಲಿಯಿಂದ ಬಂದು ಚೀಲ ಇಳಿಸದೆಯೇ ಕೇಳಿದಳು. "ಅವ್ವಾ, ಅಪ್ಪ ಕುಡೀತಿದ್ನೇನು?"

"ಇಲ್ಲವಾ. ಎಂದೂ ಇಲ್ಲ."

"ಮತ್ತ ಹೆಂಗಿದ್ದ?"

ನಾನು ತಡಕಾಡಿದೆ. ನನ್ನ ಬಳಿ ಇದ್ದದ್ದು ಅದೊಂದೇ. "ಸಿಟ್ಟು ಬಂದ್ರ ಗೋಡಿಗೆ ಮುಖ ಮಾಡಿ ಕುಂತು ಉಣ್ತಿದ್ದ" ಎಂದೆ.

ಮಗಳು ಇನ್ನೇನೋ ಬರುತ್ತದೆ ಎಂದು ಕಾಯ್ದಳು. ಬರಲಿಲ್ಲ.

"ಅಷ್ಟ ಏನು?" ಎಂದಳು.