ನಡುವಿನ ಕುರ್ಚಿ

“ಅಮ್ಮಾ, ಬೀಗದ ಕೈ ಎಲ್ಲಿ ಅಂತ ಕೇಳು,” ಎಂದು ಅವನು ಖಾಲಿ ಗಾಲಿಕುರ್ಚಿಗೆ ಹೇಳಿದ.

ಅವಳು ಬಾಚಣಿಗೆ ಕೆಳಗಿಟ್ಟಳು. “ಮೊಳೆಗೆ ತಗುಲಿಹಾಕಿದೆ ಅಂತ ಹೇಳಿ, ಅತ್ತೆ.”

ಅವನು ಬೀಗದ ಕೈ ತೆಗೆದುಕೊಂಡು ಹೊರಟುಹೋದ. ಅತ್ತೆ ತೀರಿಕೊಂಡು ನಲವತ್ತು ದಿನಗಳಾಗಿದ್ದವು.

ಗಂಡಹೆಂಡಿರ ನಡುವೆ ನೇರ ಮಾತು ನಿಂತು ಹನ್ನೊಂದು ವರ್ಷ. ಜಗಳದ ಕಾರಣ ಇಬ್ಬರಿಗೂ ಮರೆತುಹೋಗಿತ್ತು. ಮೊದಲು ಮಾತು ಬಿಟ್ಟವರು ಯಾರು ಎಂಬುದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿತ್ತು, ಅವರವರ ಲೆಕ್ಕದಲ್ಲಿ. ನಡುವೆ ಅತ್ತೆ ಕೂತಿದ್ದರು. ಮೊದಲು ಮಂಚದ ಮೇಲೆ, ಕೊನೆಯ ಎರಡು ವರ್ಷ ಬಾಡಿಗೆಗೆ ತಂದ ಈ ಕುರ್ಚಿಯಲ್ಲಿ.

ಒಂದೇ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿದ ಮಾತನ್ನೇ ಅತ್ತೆ ಮತ್ತೊಮ್ಮೆ ಹೇಳುತ್ತಿದ್ದರು. ಹೇಳುವಾಗ ಅದರ ಮುಳ್ಳು ಮುರಿಯುತ್ತಿದ್ದರು. ಇದನ್ನು ಮನುಷ್ಯರು ತಿನ್ನುತ್ತಾರಾ ಕೇಳು ಎಂದು ಮಗ ತಟ್ಟೆ ತಳ್ಳಿದರೆ, “ತುಂಬ ಸುಸ್ತಾಗಿದೆಯಾ ನಿನಗೆ ಅಂತ ಕೇಳ್ತಿದ್ದಾನಮ್ಮ” ಎಂದು ಸೊಸೆಗೆ ತಲುಪಿಸುವರು. ಮೊದಲನೆಯದು ಕಿವಿಗೆ ಬಿದ್ದಿದ್ದರೂ ಅವಳು ಉತ್ತರ ಕೊಡುತ್ತಿದ್ದದ್ದು ಎರಡನೆಯದಕ್ಕೆ.

ಅವಳು ಇಲ್ಲದಾಗ ಅವನು ಆಡಿದ್ದೆಂದು ಅತ್ತೆ ತಂದು ಒಪ್ಪಿಸಿದ ಮಾತುಗಳೂ ಇದ್ದವು. ನೀನು ಬರೋದು ತಡವಾದರೆ ಕಿಟಕಿ ಬಿಟ್ಟು ಏಳೋದಿಲ್ಲಮ್ಮ ಅವನು. ನಿಜವೇ ಎಂದು ಈಗ ಯಾರನ್ನು ಕೇಳುವುದು? ಹನ್ನೊಂದು ವರ್ಷ ತಾನು ಸಂಸಾರ ಮಾಡಿದ್ದು ಯಾರ ಮಾತಿನ ಜೊತೆಗೆ?

ಕುರ್ಚಿಯ ದಿಂಬಿನ ಮೇಲಿನ ತಗ್ಗು ಇನ್ನೂ ತುಂಬಿರಲಿಲ್ಲ. ಸಂಜೆ ಆರಕ್ಕೆ ಕುರ್ಚಿಯವನು ಬಂದು ಅದನ್ನು ಒಯ್ಯುವವನಿದ್ದ.

ಮೇಜಿನ ಮೇಲೆ, ಗಂಡನ ಕನ್ನಡಕದ ಡಬ್ಬಿಯ ಕೆಳಗೆ, ತನ್ನ ವರ್ಗಾವಣೆಯ ಪತ್ರವನ್ನು ಬಿಡಿಸಿಟ್ಟಳು. ಬೇರೆ ಊರಿನ ನ್ಯಾಯಾಲಯ. ಬರುತ್ತೇನೋ ಇಲ್ಲವೋ ಎಂದು ನಾಳೆ ಬೆಳಿಗ್ಗೆಯೊಳಗೆ ತಿಳಿಸಬೇಕು. ಅವನು ಇರು ಅಂದರೆ ಇರುತ್ತೇನೆ. ಒಂದೇ ಮಾತು ಸಾಕು. ಆದರೆ ನನ್ನ ಮುಖ ನೋಡಿ, ನನಗೇ ಹೇಳಬೇಕು.

ನ್ಯಾಯಾಲಯದಲ್ಲಿ ಅವಳದು ದುಭಾಷಿಯ ಕೆಲಸ. ಕಟಕಟೆಯಲ್ಲಿ ನಿಂತವರ ಭಾಷೆ ನ್ಯಾಯಾಧೀಶರಿಗೆ ಬರದಿದ್ದಾಗ ಪಕ್ಕದಲ್ಲಿ ನಿಂತು ಹೇಳಬೇಕು. ಏನನ್ನೂ ಸೇರಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅವರು ‘ನಾನು’ ಎಂದರೆ ಇವಳೂ ‘ನಾನು’ ಎನ್ನಬೇಕು. ಅದೇ ನಿಯಮ.

ಅಂದು ಗಂಡನಿಂದ ದೂರವಾದ ಒಬ್ಬ ಹೆಂಗಸು ನಿಂತಿದ್ದಳು. ಕೈಚೀಲದ ಹಿಡಿಯನ್ನು ಹಿಂಡುತ್ತ ಏನೋ ಗೊಣಗಿದಳು.

“ನಾನು ಮೂರು ದಿನ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಾ ಅಂತ ಅವನು ಕರೆಯಲಿಲ್ಲ,” ಎಂದು ದುಭಾಷಿ ಸ್ಪಷ್ಟವಾದ ದನಿಯಲ್ಲಿ ಹೇಳಿದಳು.

ಬಿಡುವಿನಲ್ಲಿ ಗುಮಾಸ್ತ ಚಹಾ ಲೋಟ ಮುಂದಿಡುತ್ತ ನಕ್ಕ. “ಮೇಡಂ, ನಿಮಗೆ ಎಷ್ಟು ಜನ ಗಂಡಂದಿರು! ಒಬ್ಬನಾದರೂ ಸರಿಯಾಗಿ ಬಾಳಿಸಲಿಲ್ಲ ನೋಡಿ.”

ಅವಳೂ ನಕ್ಕಳು. ದಿನಕ್ಕೆ ನೂರು ಸಲ ‘ನಾನು’ ಎನ್ನುತ್ತಿದ್ದಳು. ಅದರಲ್ಲಿ ಒಂದೂ ಅವಳದಾಗಿರಲಿಲ್ಲ.

ಮನೆಗೆ ಬಂದಾಗ ಅವನ ಚಪ್ಪಲಿ ಬಾಗಿಲಲ್ಲಿತ್ತು. ಮೇಜಿನ ಮೇಲಿನ ಪತ್ರ ನಾಲ್ಕು ಮಡಿಕೆಯಾಗಿತ್ತು. ಓದಿದ್ದಾನೆ. ಅವಳು ಬ್ಯಾಗನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿಟ್ಟಳು. ಇಷ್ಟು ವರ್ಷವೂ ಅವಳು ಕೂರುತ್ತಿದ್ದ ಜಾಗ ಅದು. ಯಾಕೋ ಅಲ್ಲಿ ಕೂರಬೇಕೆನಿಸಲಿಲ್ಲ. ಗಾಲಿಕುರ್ಚಿಯಲ್ಲಿ ಕೂತಳು.

ತಗ್ಗು ಅವಳಿಗೆ ಸರಿಹೊಂದಿತು.

ಅಲ್ಲಿಂದ ಒಂದು ಕಡೆ ಅವನ ಕುರ್ಚಿ, ಇನ್ನೊಂದು ಕಡೆ ತನ್ನ ಸ್ಟೂಲು. ಎರಡೂ ಕೈಗೆ ಎಟಕುವಷ್ಟು ಹತ್ತಿರ. ಕತ್ತು ತುಸು ಹೊರಳಿಸಿದರೆ ಸಾಕಿತ್ತು.

ಕೆಳಗೆ ಗಾಡಿಯೊಂದು ಬಂದು ನಿಂತಿತು. ಒಳಕೋಣೆಯಿಂದ ಅವನು ಬಂದ. ಎದುರಿಗೆ ನಿಂತ. ಅವಳ ಮುಖ ನೋಡಿದ. ಅವನ ಹುಬ್ಬು ನರೆತದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಎರಡೂ ಗಾಲಿಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಅಮ್ಮಾ,” ಎಂದ ಅವನು, ಅವಳ ಕಣ್ಣನ್ನೇ ನೋಡುತ್ತ. “ಹೋಗಬೇಡ ಅಂತ ಹೇಳು ಅವಳಿಗೆ.”

ಅವಳ ಬಾಯಿ ತೆರೆಯಿತು. ‘ನಾನು’ ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಯಾರ ನಾನು?

ಮೆಟ್ಟಿಲ ಮೇಲೆ ಕುರ್ಚಿಯವನ ಹೆಜ್ಜೆ ಕೇಳಿಸಿತು. ಅವಳು ನಿಧಾನವಾಗಿ ಕಿಟಕಿಯ ಪಕ್ಕದ ತನ್ನ ಸ್ಟೂಲಿನ ಕಡೆ ಕತ್ತು ಹೊರಳಿಸಿದಳು.

“ಹೋಗಬೇಡ ಅಂತಿದ್ದಾನಮ್ಮ,” ಎಂದಳು.

ಇಬ್ಬರೂ ಆ ಸ್ಟೂಲನ್ನೇ ನೋಡುತ್ತ ಉತ್ತರಕ್ಕಾಗಿ ಕಾದರು.